ಎಲೆ ಉದುರುವ ಕಾಲದಲ್ಲಿ ಪೋನಿ ಸಾಕಣೆ: ಚಳಿಗಿಂತ ಹುಲ್ಲಿಗೇ ಜಾಸ್ತಿ ಹೆದರಬೇಕು

ಪೊವಿಸ್ ಕನ್ನಡತಿ

ಮಧ್ಯ ವೇಲ್ಸಿನ ಪೊವಿಸ್‌ನಲ್ಲಿ ನಮ್ಮದು ಸಣ್ಣ ಜಮೀನು. ಮೂರು ಪೋನಿ, ಅಂದರೆ ಗಿಡ್ಡ ತಳಿಯ ಕುದುರೆ, ಇವೆ. ಎರಡು ವೆಲ್ಷ್ ಸೆಕ್ಷನ್ ಎ ತಳಿಯವು, ಇನ್ನೊಂದು ವಯಸ್ಸಾದ ಶೆಟ್ಲೆಂಡ್ ತಳಿಯದು. ಜೊತೆಗೆ ಕೋಳಿ, ಒಂದಿಷ್ಟು ಕುರಿ. ಸೆಪ್ಟೆಂಬರ್ ಬಂತೆಂದರೆ ಊರಿನವರದೂ ಲಂಡನ್ನಿನ ಸ್ನೇಹಿತರದೂ ಒಂದೇ ಪ್ರಶ್ನೆ. "ಚಳಿ ಶುರುವಾಯ್ತಲ್ಲ, ಪಾಪ, ಅವಕ್ಕೆ ಏನು ಹೊದಿಸ್ತೀರಿ, ಏನು ಜಾಸ್ತಿ ತಿನ್ನಿಸ್ತೀರಿ?"

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಈ ಕಾಲದಲ್ಲಿ ಆರೋಗ್ಯವಾಗಿರುವ ಪೋನಿಗೆ ಚಳಿಯಿಂದ ತೊಂದರೆ ಕಡಿಮೆ. ಹುಲ್ಲಿನಿಂದ, ಮರದಿಂದ ಉದುರುವುದರಿಂದ, ನಮ್ಮ ಕೈಯಿಂದ ಬರುವ ತೊಂದರೆಯೇ ಜಾಸ್ತಿ. ಕನಿಕರಪಟ್ಟು ತಿನ್ನಿಸಬೇಡಿ. ಇಷ್ಟು ಒಪ್ಪಿಕೊಂಡರೆ ಅರ್ಧ ಕಷ್ಟ ಕಳೆದ ಹಾಗೆ.

ಆಗುವುದೇನೆಂದರೆ, ಬೇಸಿಗೆಯಲ್ಲಿ ಒಣಗಿದ್ದ ಕಾವಲಿಗೆ (ಮೇಯುವ ಬಯಲಿಗೆ) ಸೆಪ್ಟೆಂಬರಿನಲ್ಲಿ ಮಳೆ ಬೀಳುತ್ತದೆ, ನೆಲ ಇನ್ನೂ ಬೆಚ್ಚಗಿರುತ್ತದೆ, ಹುಲ್ಲು ಮತ್ತೆ ಚಿಗುರುತ್ತದೆ. ನೋಡಲು ಚೆನ್ನ. ಆದರೆ ಆ ಚಿಗುರಿನ ತುಂಬ ಸಕ್ಕರೆ. ಅಕ್ಟೋಬರಿನಲ್ಲಿ ರಾತ್ರಿ ಫ್ರಾಸ್ಟ್ ಬಿದ್ದು ಬೆಳಿಗ್ಗೆ ಒಳ್ಳೆ ಬಿಸಿಲು ಬಂದರೆ ಇನ್ನೂ ಕಷ್ಟ. ಬಿಸಿಲಿಗೆ ಹುಲ್ಲು ಸಕ್ಕರೆ ಮಾಡಿಕೊಳ್ಳುತ್ತದೆ, ಚಳಿಗೆ ಬೆಳೆಯಲು ಆಗುವುದಿಲ್ಲ, ಹಾಗಾಗಿ ಆ ಸಕ್ಕರೆ ಖರ್ಚಾಗದೆ ಹುಲ್ಲಿನಲ್ಲೇ ಉಳಿದುಬಿಡುತ್ತದೆ. ಬೆಟ್ಟದ ಮೇಲೆ ಬಡ ಹುಲ್ಲು, ಮುಳ್ಳುಗಂಟಿ ತಿಂದು ಬದುಕಿದ ತಳಿಗಳಿವು. ಇವಕ್ಕೆ ಇಂಥ ಹುಲ್ಲು ಹೊಟ್ಟೆ ತುಂಬ ಸಿಕ್ಕರೆ ಲ್ಯಾಮಿನೈಟಿಸ್ ಬರುತ್ತದೆ. ಗೊರಸಿನ ಒಳಗಿನ ಮೂಳೆಯನ್ನು ಗೊರಸಿನ ಗೋಡೆಗೆ ಹಿಡಿದಿಡುವ ಪದರ ಕೆಟ್ಟು ಸಡಿಲವಾಗುತ್ತದೆ. ಜೋರಾದರೆ ಮೂಳೆ ಒಳಗೇ ತಿರುಗಿ ಕೆಳಕ್ಕಿಳಿಯುತ್ತದೆ. ಆಗ ಪೋನಿ ಮುಂಗಾಲು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಲ್ಲುತ್ತದೆ. ಹೆಜ್ಜೆ ಕೀಳುವುದಿಲ್ಲ. ಅದನ್ನು ಒಂದು ಸಲ ನೋಡಿದವರು ಮರೆಯುವುದಿಲ್ಲ.

ನಮ್ಮ ಬೆಳಗು ಹೀಗಿರುತ್ತದೆ. ಕತ್ತಲಿರುವಾಗಲೇ ತಲೆಗೆ ಟಾರ್ಚ್ ಕಟ್ಟಿಕೊಂಡು ಹೊರಡುತ್ತೇನೆ. ಮೊದಲ ಕೆಲಸ ದೂರ ನಿಂತು ಅವು ನಡೆದು ಬರುವುದನ್ನು ನೋಡುವುದು. ತಿರುಗುವಾಗ ಅಳುಕುತ್ತವಾ, ಗಟ್ಟಿ ನೆಲದ ಮೇಲೆ ಹೆಜ್ಜೆ ಚಿಕ್ಕದಾಗಿದೆಯಾ. ಆಮೇಲೆ ಕಾಲಿನ ಗಿಣ್ಣಿನ ಹಿಂದೆ ಎರಡೂ ಪಕ್ಕ ಬೆರಳಿಟ್ಟು ನಾಡಿ ನೋಡುತ್ತೇನೆ. ಸರಿಯಿದ್ದರೆ ನಾಡಿ ಸಿಗುವುದೇ ಕಷ್ಟ. ಡಬಡಬ ಅಂತ ಹೊಡೆಯುತ್ತಿದ್ದರೆ ಅವತ್ತು ಉಳಿದ ಕೆಲಸ ಎಲ್ಲ ಪಕ್ಕಕ್ಕೆ, ಪಶುವೈದ್ಯರಿಗೆ ಫೋನ್. ಕುತ್ತಿಗೆಯ ಜೂಲಿನ ಬುಡ ಹಿಡಿದು ಅಲ್ಲಾಡಿಸುತ್ತೇನೆ. ಮೆತ್ತಗಿದ್ದು ಆ ಕಡೆ ಈ ಕಡೆ ಬಾಗಬೇಕು, ಗಟ್ಟಿಯಾಗಿ ನಿಂತರೆ ಒಳಗೆ ಕೊಬ್ಬು ಸೇರುತ್ತಿದೆ ಅಂತ. ಗೊರಸು ಕೆರೆದು ಕೆಸರು ತೆಗೆಯುವುದು, ಲದ್ದಿ ಎತ್ತಿ ತಳ್ಳುಗಾಡಿಗೆ ತುಂಬಿ ತಿಪ್ಪೆಗೆ ಸುರಿಯುವುದು, ನೀರಿನ ತೊಟ್ಟಿಗೆ ಬಿದ್ದ ಎಲೆ ಬಾಚುವುದು, ಇವೆಲ್ಲ ಆಮೇಲೆ.

ಇಡೀ ಕಾವಲು ಅವಕ್ಕೆ ಬಿಡುವುದಿಲ್ಲ. ಅಂಚಿನ ಸುತ್ತ ಕರೆಂಟ್ ಹರಿಯುವ ಬೇಲಿ ಟೇಪ್ ಎಳೆದು ಓಣಿಯ ಹಾಗೆ ಟ್ರ್ಯಾಕ್ ಮಾಡಿದ್ದೇವೆ. ಒಂದು ತುದಿಗೆ ನೀರು, ಇನ್ನೊಂದು ತುದಿಗೆ ಒಣಹುಲ್ಲು. ದಿನವಿಡೀ ನಡೆಯುತ್ತಿರುತ್ತವೆ. ನಡುವಿನ ಹುಲ್ಲು ಚಳಿಗಾಲಕ್ಕೆ ಹಾಗೇ ನಿಲ್ಲುತ್ತದೆ. ಒಣಹುಲ್ಲನ್ನು ತೂಕ ಮಾಡಿಯೇ ಹಾಕುತ್ತೇವೆ. ಕಣ್ಣಳತೆಗೆ ಹಾಕಿದರೆ ಯಾವಾಗಲೂ ಜಾಸ್ತಿಯೇ ಬೀಳುತ್ತದೆ.

ಪೋನಿ ಸಾಕುವ ಕನ್ನಡದವರು ಇನ್ನೂ ಇದ್ದಾರೆ ಅಂತ ಗೊತ್ತು. ನಿಮ್ಮ ಕಡೆ ಹೇಗೆ? ಬರೆಯಿರಿ.

ಹೊಸ ಜಮೀನು

ಮೇಡಂ ನಮಸ್ಕಾರ. ನಾವು ಅಬರ್ಡೀನ್‌ಷೈರಿನಲ್ಲಿ ಈ ವರ್ಷವಷ್ಟೇ ನಾಲ್ಕು ಎಕರೆ ತಗೊಂಡಿದ್ದೇವೆ. ಮಕ್ಕಳಿಬ್ಬರೂ ಪೋನಿ ಬೇಕು ಅಂತ ಹಟ. ಒಂದು ಶೆಟ್ಲೆಂಡ್ ತರೋಣ ಅಂತ ಯೋಚನೆ. ಇಲ್ಲಿ ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂವರೆಗೆಲ್ಲ ಕತ್ತಲು, ಗಾಳಿ ಅಂತೂ ಕೇಳಲೇಬೇಡಿ. ರಗ್ (ಕುದುರೆಯ ಹೊದಿಕೆ) ಹಾಕದೆ ಬಿಡುವುದಕ್ಕೆ ನನಗೆ ಮನಸ್ಸು ಒಪ್ಪುತ್ತಿಲ್ಲ. ಇನ್ನೊಂದು, ನಮ್ಮ ತಾತನ ಮನೆಯಲ್ಲಿ ಜಟಕಾ ಕುದುರೆಗೆ ಹುರುಳಿ ಬೇಯಿಸಿ ಹಾಕುತ್ತಿದ್ದರಂತೆ. ಚಳಿಗಾಲಕ್ಕೆ ಹುರುಳಿ ಒಳ್ಳೆಯದಲ್ವಾ? ಇಲ್ಲಿ ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ.

ಡಾರ್ಟ್‌ಮೂರ್ ಅಂಚಿನವ

ಹೊಸ ಜಮೀನು ಅವರೇ, ಹುರುಳಿ ದಿನವಿಡೀ ಗಾಡಿ ಎಳೆದು ಬೆವರು ಸುರಿಸುತ್ತಿದ್ದ ಕುದುರೆಗೆ. ಮಕ್ಕಳು ವಾರಕ್ಕೊಂದು ಸಲ ಬೆನ್ನೇರುವ ಶೆಟ್ಲೆಂಡಿಗೆ ಕಾಳೂ ಬೇಡ, ಹಿಂಡಿಯೂ ಬೇಡ. ಒಣಹುಲ್ಲು, ನೀರು, ಖನಿಜಕ್ಕೆ ಒಂದು ಹಿಡಿ ಬ್ಯಾಲೆನ್ಸರ್, ಉಪ್ಪಿನ ಗಡ್ಡೆ. ಮುಗಿಯಿತು.

ರಗ್ ವಿಷಯ. ನಾನಿರುವುದು ಡೆವನ್‌ನಲ್ಲಿ, ಡಾರ್ಟ್‌ಮೂರ್ ಬೆಟ್ಟದ ಬಯಲಿಗೆ ತಾಗಿಕೊಂಡೇ. ಇಲ್ಲಿ ಬೆಟ್ಟದ ಪೋನಿಗಳು ಮಳೆ, ಗಾಳಿ, ಹಿಮ ಎಲ್ಲದರಲ್ಲೂ ಹೊರಗೇ ಇರುತ್ತವೆ. ಪಕ್ಕದ ಎಕ್ಸ್‌ಮೂರಿನ ಪೋನಿಗಳ ಕೂದಲನ್ನು ಕೈಯಿಂದ ಬಿಡಿಸಿ ನೋಡಿ. ಎರಡು ಪದರ. ಒಳಗಿನದು ಉಣ್ಣೆಯ ಹಾಗೆ ಮೆತ್ತಗೆ, ಹೊರಗಿನದು ಜಿಡ್ಡಿನ ಉದ್ದ ಕೂದಲು, ನೀರು ಅದರ ಮೇಲೇ ಇಳಿದು ಹೋಗುತ್ತದೆ. ಬೆನ್ನ ಮೇಲೆ ಬಿದ್ದ ಹಿಮ ಕರಗದೆ ಹಾಗೇ ಕೂತಿರುತ್ತದೆ. ಒಳಗಿನ ಬಿಸಿ ಹೊರಗೆ ಬರುತ್ತಿಲ್ಲ ಅಂತ ತಾನೇ ಅದರ ಅರ್ಥ? ಈ ಕೂದಲು ಬೆಳೆಯುವುದು ಹಗಲು ಚಿಕ್ಕದಾಗುವ ಲೆಕ್ಕದ ಮೇಲೆ. ಆಗಸ್ಟ್ ಕೊನೆಗೇ ಶುರುವಾಗಿರುತ್ತದೆ, ನಮಗೆ ಇನ್ನೂ ಬೇಸಿಗೆ ಅನ್ನಿಸುತ್ತಿರುವಾಗಲೇ. ಚಳಿಗೆ ಆ ಕೂದಲು ನೆಟ್ಟಗೆ ನಿಂತು ನಡುವೆ ಗಾಳಿ ಹಿಡಿದಿಡುತ್ತದೆ. ಮೇಲೆ ತೆಳು ರಗ್ ಹಾಕಿದರೆ ಕೂದಲು ಮಲಗುತ್ತದೆ, ಇದ್ದ ಬಿಸಿಯೂ ಹೋಗುತ್ತದೆ.

ಬೇಸಿಗೆಯಲ್ಲಿ ಏರಿದ ಕೊಬ್ಬು ಚಳಿಗಾಲದಲ್ಲಿ ಇಳಿಯಬೇಕು. ಅದೇ ಅವುಗಳ ವರ್ಷದ ಲೆಕ್ಕ. ನಾವು ರಗ್ ಹೊದಿಸಿ, ಹೊಟ್ಟೆ ತುಂಬ ತಿನ್ನಿಸಿ, ಅದೇ ಮೈಯಲ್ಲಿ ಮತ್ತೆ ಏಪ್ರಿಲ್ ಹುಲ್ಲಿಗೆ ಬಿಟ್ಟರೆ ಇಳಿಯುವುದು ಯಾವಾಗ? ಪ್ರತಿ ವರ್ಷ ಮೇಲಿಂದ ಮೇಲೆ ಏರುತ್ತಾ ಹೋಗುತ್ತದೆ. ನನಗೆ ಇದರ ಬಗ್ಗೆ ತುಂಬಾ ಬೇಜಾರಿದೆ. ನಮ್ಮ ಸುತ್ತಮುತ್ತ ಸೆಪ್ಟೆಂಬರಿಗೇ ದಪ್ಪ ರಗ್ ಹೊದ್ದು ಬೆವರುವ ಪೋನಿಗಳನ್ನು ನೋಡುತ್ತಿರುತ್ತೇನೆ.

ಯಾರ್ಕ್‌ಷೈರ್ ಪಶುವೈದ್ಯೆ

ಡಾರ್ಟ್‌ಮೂರ್ ಅವರು ಹೇಳಿದ್ದರಲ್ಲಿ ಮುಕ್ಕಾಲು ಪಾಲು ಒಪ್ಪುತ್ತೇನೆ. ಆದರೆ ಎಲ್ಲಾ ಪೋನಿಗೂ ಅದೇ ಅಂತ ಹೇಳಬೇಡಿ ಸರ್. ಹಲ್ಲು ಹೋದ ಮುದಿ ಪೋನಿ, ಪಕ್ಕೆಲುಬು ಕಾಣುವಷ್ಟು ಸೊರಗಿದ್ದು, ಕೂದಲು ಕತ್ತರಿಸಿದ್ದು, ಕಾಯಿಲೆಯಿಂದ ಎದ್ದದ್ದು, ಇವಕ್ಕೆ ಮಳೆ ತಡೆಯುವ ರಗ್ ಬೇಕೇ ಬೇಕು. ಎಲ್ಲಕ್ಕೂ ಗಾಳಿ ಮಳೆಗೆ ಮರೆ ಬೇಕು. ಮೂರು ಗೋಡೆಯ ಶೆಡ್ ಆದರೂ ಸರಿ, ದಟ್ಟ ಬೇಲಿಗಿಡ ಆದರೂ ಸರಿ. ಅಬರ್ಡೀನಿನಂಥ ಬಯಲಲ್ಲಿ ಇದನ್ನು ಬಿಡಬಾರದು.

ಪೊವಿಸ್ ಅವರೇ, ನಿಮ್ಮ ಶೆಟ್ಲೆಂಡಿಗೆ ವಯಸ್ಸಾಗಿದೆ ಅಂದಿರಿ. 15 ವರ್ಷ ದಾಟಿದ ಪೋನಿಗಳಲ್ಲಿ ಕುಶಿಂಗ್ಸ್ ಸಾಮಾನ್ಯ. ಈಗ ಅದನ್ನು ಪಿಪಿಐಡಿ ಅನ್ನುತ್ತಾರೆ. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ತೊಂದರೆ ಅದು. ಬೇಸಿಗೆಯಲ್ಲೂ ಉದುರದ ಉದ್ದ ಗುಂಗುರು ಕೂದಲು, ಬೆನ್ನಿನ ಸ್ನಾಯು ಕರಗುವುದು, ಜೋಲು ಹೊಟ್ಟೆ, ಜಾಸ್ತಿ ನೀರು ಕುಡಿಯುವುದು ಲಕ್ಷಣಗಳು. ಆದರೆ ಎಷ್ಟೋ ಸಲ ಮೊದಲು ಕಾಣಿಸಿಕೊಳ್ಳುವುದು ಲ್ಯಾಮಿನೈಟಿಸ್ಸೇ, ಅದೂ ಈ ಕಾಲದಲ್ಲೇ. ಎಲ್ಲಾ ಕುದುರೆಗಳಲ್ಲೂ ಎಸಿಟಿಎಚ್ ಅನ್ನುವ ಹಾರ್ಮೋನು ಬೇಸಿಗೆಯ ಕೊನೆಯಿಂದ ಏರುತ್ತದೆ, ಕಾಯಿಲೆ ಇರುವವುಗಳಲ್ಲಿ ವಿಪರೀತ ಏರುತ್ತದೆ. ಹಾಗಾಗಿ ರಕ್ತ ಪರೀಕ್ಷೆಗೆ ಇದೇ ಒಳ್ಳೆ ಸಮಯ. ಕಾಯಿಲೆ ಇದೆ ಅಂತ ಬಂದರೆ ದಿನಕ್ಕೊಂದು ಪೆರ್ಗೊಲೈಡ್ ಮಾತ್ರೆ, ಜೀವನಪೂರ್ತಿ. ತುಂಬಾ ಪೋನಿಗಳು ಅದರ ಮೇಲೆ ವರ್ಷಗಟ್ಟಲೆ ಚೆನ್ನಾಗಿರುತ್ತವೆ. ಜೊತೆಗೆ ಇನ್ಸುಲಿನ್ ಕೂಡ ನೋಡಿಸಿ. ದಪ್ಪ ಪೋನಿಗಳ ಲ್ಯಾಮಿನೈಟಿಸ್ಸಿಗೆ ಮೂಲ ಕಾರಣ ರಕ್ತದಲ್ಲಿ ಏರಿದ ಇನ್ಸುಲಿನ್ನೇ.

ಇನ್ನೊಂದು ಬಹಳ ಮುಖ್ಯ. "ತಿನ್ನಿಸಬೇಡಿ" ಅನ್ನುವುದನ್ನು "ಉಪವಾಸ ಕೆಡವಿ" ಅಂತ ಯಾರೂ ಓದಬೇಡಿ. ದಪ್ಪ ಶೆಟ್ಲೆಂಡಿಗೆ ಏಕಾಏಕಿ ಮೇವು ನಿಲ್ಲಿಸಿದರೆ ಮೈಯ ಕೊಬ್ಬೆಲ್ಲ ಒಮ್ಮೆಗೇ ರಕ್ತಕ್ಕೆ ಬಂದು ಪಿತ್ತಜನಕಾಂಗ ಕೈಕೊಡುತ್ತದೆ. ಹೈಪರ್‌ಲಿಪೀಮಿಯಾ ಅಂತಾರೆ. ಸತ್ತೇ ಹೋಗುತ್ತವೆ. ಲೆಕ್ಕ ಸುಲಭ. ದಿನಕ್ಕೆ ದೇಹದ ತೂಕದ ನೂರಕ್ಕೆ 2ರಷ್ಟು ಒಣಮೇವು. ತೂಕ ಇಳಿಸಬೇಕಿದ್ದರೆ ನೂರಕ್ಕೆ 1.5. ಅದಕ್ಕಿಂತ ಕೆಳಗೆ ವೈದ್ಯರನ್ನು ಕೇಳದೆ ಹೋಗಬೇಡಿ. 250 ಕೆಜಿ ಪೋನಿಗೆ 5 ಕೆಜಿ, ಇಳಿಸುವುದಿದ್ದರೆ ಹತ್ತಿರ ಹತ್ತಿರ 4. ಅದನ್ನು ಸಣ್ಣ ಕಣ್ಣಿನ ಬಲೆಯಲ್ಲಿ ಹಾಕಿ, ಹಲವು ಕಡೆ ತೂಗುಹಾಕಿ. ಹೊತ್ತು ಹೋಗುತ್ತದೆ, ಹೊಟ್ಟೆಯೂ ಖಾಲಿ ಬೀಳುವುದಿಲ್ಲ. ಕುದುರೆಯ ಜಠರದಲ್ಲಿ ಆಮ್ಲ ಇಪ್ಪತ್ನಾಲ್ಕು ಗಂಟೆಯೂ ಬರುತ್ತಿರುತ್ತದೆ, ತಾಸುಗಟ್ಟಲೆ ಖಾಲಿ ಬಿಟ್ಟರೆ ಹುಣ್ಣು.

ಪೊವಿಸ್ ಕನ್ನಡತಿ

ಡಾಕ್ಟರೇ, ತುಂಬಾ ಥ್ಯಾಂಕ್ಸ್. ಉಪವಾಸದ ಮಾತು ನೀವು ಹೇಳಿದ್ದು ಒಳ್ಳೆಯದಾಯಿತು. ಶೆಟ್ಲೆಂಡ್ ಈಗಾಗಲೇ ಪೆರ್ಗೊಲೈಡ್ ಮೇಲೆ ಇದ್ದಾಳೆ. ಮಾತ್ರೆಯನ್ನು ಕ್ಯಾರೆಟ್ ತುಂಡಿನಲ್ಲಿ ಸೀಳು ಮಾಡಿ ಸೇರಿಸಿ ಕೊಡುತ್ತೇನೆ. ಪ್ರತಿ ಸೆಪ್ಟೆಂಬರ್ ರಕ್ತ ಪರೀಕ್ಷೆ.

ಒಣಹುಲ್ಲನ್ನು ನೀರಲ್ಲಿ ನೆನೆಸಿಯೇ ಹಾಕುತ್ತೇವೆ. ಸಕ್ಕರೆ ನೀರಿಗಿಳಿಯುತ್ತದೆ, ಆ ನೀರು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಅದನ್ನು ಹಳ್ಳಕ್ಕೆ ಬಿಡುವ ಹಾಗಿಲ್ಲ, ಮೀನಿಗೆ ಕೆಟ್ಟದ್ದು. ಜಾಸ್ತಿ ಹೊತ್ತು ನೆನೆಸಿದರೆ ಹುಳಿ ವಾಸನೆ ಬರುತ್ತದೆ, ಅದಕ್ಕೇ ರಾತ್ರಿ ತಣ್ಣಗಿರುವಾಗ ಮಾತ್ರ ರಾತ್ರಿಯಿಡೀ ಬಿಡುವುದು. ಅರೆ ಒಣಗಿದ ಹುಲ್ಲನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಹೇಲೇಜ್ ಇಂಥ ಪೋನಿಗಳಿಗೆ ತರಲೇಬೇಡಿ, ಅದರ ಶಕ್ತಿ ಜಾಸ್ತಿ.

ಹಾಸನದ ಸೊಸೆ

ನಮ್ಮನೆ ಸಮಸ್ಯೆ ಬೇರೆ. ಶ್ರಾಪ್‌ಷೈರಿನಲ್ಲಿದ್ದೇವೆ, ಎರಡು ಪೋನಿ. ಅತ್ತೆ ಊರಿನಿಂದ ಬಂದು ಮೂರು ತಿಂಗಳು ಇರುತ್ತಾರೆ. ಪೋನಿಗಳ ಮೇಲೆ ಅವರಿಗೆ ಜೀವ. ಬೆಳಿಗ್ಗೆ ಕಾಫಿ ಆದ ತಕ್ಷಣ ಒಂದು ಅಚ್ಚು ಬೆಲ್ಲ, ರಾತ್ರಿ ಉಳಿದ ಚಪಾತಿ ತಗೊಂಡು ಗೇಟಿನ ಹತ್ತಿರ ಹೋಗಿ ನಿಲ್ಲುತ್ತಾರೆ. "ಬಾಯಿಲ್ಲದ ಜೀವ ಕಣಮ್ಮ, ಹಸಿವು ಅಂತ ಹೇಳೋಕಾಗುತ್ತಾ" ಅಂತಾರೆ. ಪಕ್ಕದ ಮನೆಯವರು ಒಳ್ಳೆ ಮನಸ್ಸಿನಿಂದಲೇ ಹುಲ್ಲು ಕತ್ತರಿಸಿದ ಕಸ, ಬಿದ್ದ ಸೇಬು ಎಲ್ಲ ಬೇಲಿಯ ಮೇಲಿಂದ ಸುರಿಯುತ್ತಾರೆ. ಇಬ್ಬರಿಗೂ ಏನು ಹೇಳಲಿ? ಅತ್ತೆಗೆ ನೋವಾಗಬಾರದು.

ಯಾರ್ಕ್‌ಷೈರ್ ಪಶುವೈದ್ಯೆ

ಲಾನ್ ಕಸವನ್ನು ಇವತ್ತೇ ನಿಲ್ಲಿಸಿ. ಸಣ್ಣಗೆ ಕತ್ತರಿಸಿದ ಹಸಿ ಹುಲ್ಲು ರಾಶಿಯಲ್ಲಿ ಬೇಗ ಕೊಳೆತು ಬಿಸಿಯಾಗುತ್ತದೆ, ಪೋನಿ ಅಗಿಯದೆ ನುಂಗುತ್ತದೆ, ಕೋಲಿಕ್, ಅಂದರೆ ಜೋರು ಹೊಟ್ಟೆನೋವು, ಬರುತ್ತದೆ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ಹೊಟ್ಟೆಗೆ ಹೋದದ್ದು ಹೋಯಿತು. ಬೇಲಿ ಕತ್ತರಿಸಿದ ಕಸದಲ್ಲಿ ಯೂ ಮರದ ರೆಂಬೆ ಇದ್ದರಂತೂ ಒಂದೆರಡು ಹಿಡಿ ಸಾಕು ಪ್ರಾಣ ಹೋಗಲು. ಇದನ್ನು ಬರೆದು ಗೇಟಿಗೆ ಬೋರ್ಡ್ ಹಾಕಿ. ಇಲ್ಲಿನವರಿಗೆ ಬೋರ್ಡ್ ಅರ್ಥವಾಗುತ್ತದೆ.

ಪೊವಿಸ್ ಕನ್ನಡತಿ

ಅತ್ತೆಯ ಕೈಗೆ ಬೆಲ್ಲದ ಬದಲು ಬ್ರಷ್ ಕೊಡಿ. ನಿಜವಾಗಿ ಹೇಳುತ್ತಿದ್ದೇನೆ. ಕುತ್ತಿಗೆ ಮುಗಿದು ಬೆನ್ನು ಶುರುವಾಗುವ ಉಬ್ಬಿನ ಹತ್ತಿರ ಕೆರೆದರೆ ಪೋನಿಗೆ ಆಗುವ ಸುಖ ಬೆಲ್ಲದಿಂದ ಆಗುವುದಿಲ್ಲ. ತುಟಿ ಉದ್ದ ಮಾಡಿ ಕಣ್ಣು ಮುಚ್ಚುತ್ತದೆ. ಅಲ್ಲಿ ಕೆರೆದರೆ ಎದೆಬಡಿತ ಇಳಿಯುತ್ತದೆ ಅಂತ ಅಳತೆ ಮಾಡಿಯೇ ನೋಡಿದ್ದಾರೆ. ಅವು ಒಂದಕ್ಕೊಂದು ಪ್ರೀತಿ ತೋರಿಸುವುದೂ ಹಾಗೇ, ಎದುರುಬದುರು ನಿಂತು ಹಲ್ಲಿನಿಂದ ಕೆರೆದುಕೊಂಡು. ಪ್ರೀತಿ ಮಾಡಲು ಅತ್ತೆಗೆ ದಾರಿ ಬೇಕು ಅಷ್ಟೇ. ಬಾಯಿಲ್ಲದ ಜೀವ ಅನ್ನುವುದು ನಿಜ, ಅದಕ್ಕೇ "ಕಾಲು ನೋಯುತ್ತಿದೆ" ಅಂತಲೂ ಅದು ಹೇಳಲಾರದು. ಇದನ್ನೇ ಅವರಿಗೆ ಹೇಳಿ.

ಇನ್ನೊಂದು ಕೆಲಸ ಕೊಡಿ. ಆಗಸ್ಟ್, ಸೆಪ್ಟೆಂಬರಿನಲ್ಲಿ ಬಾಟ್ ಅನ್ನುವ ನೊಣ ಮುಂಗಾಲಿನ ಕೂದಲಿಗೆ ಹಳದಿ ಮೊಟ್ಟೆ ಅಂಟಿಸಿ ಹೋಗಿರುತ್ತದೆ. ಪೋನಿ ಕಾಲು ನೆಕ್ಕಿದಾಗ ಅವು ಬಾಯಿಗೆ ಹೋಗಿ ಹೊಟ್ಟೆಯಲ್ಲಿ ಹುಳುವಾಗುತ್ತವೆ. ಒಂದೊಂದೇ ಕೆರೆದು ತೆಗೆಯಲು ತಾಳ್ಮೆ ಬೇಕು. ತಲೆಯ ಹೇನು ತೆಗೆದ ಕೈಗಳಿಗೆ ಅದು ಚೆನ್ನಾಗಿ ಬರುತ್ತದೆ.

ಕಾಡಿನ ಪಕ್ಕದ ಮನೆ

ನಾನು ಪೋನಿ ಸಾಕುವವನಲ್ಲ. ಆದರೆ ದಕ್ಷಿಣ ಇಂಗ್ಲೆಂಡಿನ ನ್ಯೂ ಫಾರೆಸ್ಟ್ ಕಾಡಿನ ಒಳಗೇ ಮನೆ, ಬಾಗಿಲು ತೆರೆದರೆ ಪೋನಿ ನಿಂತಿರುತ್ತವೆ. ಇಲ್ಲಿಯ ಪದ್ಧತಿ ನಮ್ಮವರಿಗೆ ಇಷ್ಟವಾಗಬಹುದು.

ಇಲ್ಲಿ ಪೋನಿಗಳು ಕಾಡಲ್ಲಿ ಬಿಡಾಡಿಯಾಗಿ ಕಂಡರೂ ಪ್ರತಿಯೊಂದಕ್ಕೂ ಯಜಮಾನರಿದ್ದಾರೆ. ಕಾಮನರ್ಸ್ ಅನ್ನುತ್ತಾರೆ, ಮನೆ-ಜಮೀನಿನ ಜೊತೆ ಬಂದ ಮೇಯಿಸುವ ಹಕ್ಕು ಇರುವವರು. ಬೇಸಿಗೆಯ ಕೊನೆಯಿಂದ ನವೆಂಬರ್ ತನಕ ಡ್ರಿಫ್ಟ್ ನಡೆಯುತ್ತದೆ. ಕುದುರೆ ಏರಿ ಅಟ್ಟಿಸಿ ಎಲ್ಲವನ್ನೂ ದೊಡ್ಡಿಗೆ ತುಂಬುತ್ತಾರೆ. ಅಜಿಸ್ಟರ್ ಅನ್ನುವ ಕಾವಲಿನವರು ಬಾಲದ ಕೂದಲನ್ನು ತಮ್ಮ ತಮ್ಮ ಸೀಮೆಯ ಗುರುತಿನ ಪ್ರಕಾರ ಕತ್ತರಿಸುತ್ತಾರೆ. ಬಾಲ ನೋಡಿದರೆ ಯಾವ ಸೀಮೆಯದು, ಆ ವರ್ಷದ ಶುಲ್ಕ ಕಟ್ಟಿದೆಯೋ ಇಲ್ಲವೋ ಗೊತ್ತಾಗುತ್ತದೆ. ಸೊರಗಿದವನ್ನು ಚಳಿಗೆ ಮೊದಲೇ ಮನೆಗೆ ಕಳಿಸುತ್ತಾರೆ.

ಓಕ್ ಕಾಯಿ ಉದುರುವ ಹೊತ್ತಿಗೆ ಹಂದಿಗಳನ್ನು ಕಾಡಿಗೆ ಬಿಡುತ್ತಾರೆ. ಪ್ಯಾನೇಜ್ ಅಂತ ಹೆಸರು, ನೂರಾರು ವರ್ಷಗಳಿಂದ ನಡೆದು ಬಂದದ್ದು. ಹಸಿ ಓಕ್ ಕಾಯಿಯ ಟ್ಯಾನಿನ್ ಪೋನಿಗೂ ದನಕ್ಕೂ ವಿಷ, ಮೂತ್ರಪಿಂಡ, ಕರುಳು ಕೆಡುತ್ತವೆ. ಹಂದಿಗೆ ಅದೇ ಹಬ್ಬದೂಟ. ಕನಿಷ್ಠ 60 ದಿನ ಹಂದಿಗಳು ಸುತ್ತಾಡಿ ಕಾಯಿ ತಿಂದು ಮುಗಿಸುತ್ತವೆ. ಮೂತಿಯಿಂದ ನೆಲ ಅಗೆಯದ ಹಾಗೆ ಮೂಗಿಗೆ ಉಂಗುರ ಹಾಕಿರುತ್ತಾರೆ. ಒಂದು ಪ್ರಾಣಿಯ ವಿಷವನ್ನು ಇನ್ನೊಂದು ಪ್ರಾಣಿಯಿಂದ ತೆಗೆಸುವ ಈ ಏರ್ಪಾಡು ನನಗೆ ಬಹಳ ಹಿಡಿಸಿದೆ. ಅಕ್ಟೋಬರಿನಲ್ಲಿ ಕಾರು ನಿಧಾನ ಓಡಿಸಿ, ರಸ್ತೆ ತುಂಬ ಹಂದಿ. ರಾತ್ರಿ ರಸ್ತೆಯಲ್ಲಿ ಪೋನಿಗಳಿಗೆ ಕಾರು ಬಡಿಯುವುದೂ ಅಕ್ಟೋಬರ್ ಕೊನೆಗೆ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ಮೇಲೆ ಜಾಸ್ತಿ, ಜನ ಕೆಲಸ ಬಿಟ್ಟು ಬರುವ ಹೊತ್ತಿಗೆ ಕತ್ತಲಾಗಿರುತ್ತದೆ.

ಹಾಸನದ ಸೊಸೆ

ನಮ್ಮಲ್ಲಿ ಹಂದಿ ಇಲ್ಲ ಸರ್, ಎರಡು ಓಕ್ ಮರ ಇವೆ. ಅವುಗಳ ಕೆಳಗೆ ಕರೆಂಟ್ ಟೇಪ್ ಸುತ್ತಿದ್ದೇವೆ, ಕಾಯಿ ಗುಡಿಸಿ ಮೂಟೆ ಕಟ್ಟುತ್ತೇವೆ. ಆದರೆ ನನಗೆ ಜಾಸ್ತಿ ಭಯ ಸಿಕಮೋರ್. ಬೇಲಿಯ ಆಚೆ ಬೇರೆಯವರ ಮರ ಇದೆ. ಕಡಿಸಲು ಕೇಳಬೇಕಾ?

ಯಾರ್ಕ್‌ಷೈರ್ ಪಶುವೈದ್ಯೆ

ಸಿಕಮೋರಿನ ರೆಕ್ಕೆ ಬೀಜದಲ್ಲಿ ಹೈಪೊಗ್ಲೈಸಿನ್ ಎ ಅನ್ನುವ ವಿಷ ಇರುತ್ತದೆ. ವಸಂತದಲ್ಲಿ ಮೊಳೆಯುವ ಸಸಿಯಲ್ಲೂ ಇರುತ್ತದೆ. ಮೇಯುತ್ತಾ ಹುಲ್ಲಿನ ಜೊತೆ ಬಾಯಿಗೆ ಹೋಗುತ್ತದೆ. ಆಗ ಸ್ನಾಯುಗಳು ಕೊಬ್ಬಿನಿಂದ ಶಕ್ತಿ ಪಡೆಯಲಾರದೆ ಸಾಯತೊಡಗುತ್ತವೆ, ಉಸಿರಾಟದ ಸ್ನಾಯು, ಹೃದಯ ಕೂಡ. ಈ ಕಾಯಿಲೆ ಬಂದ ಕುದುರೆಗಳಲ್ಲಿ ನಾಲ್ಕಕ್ಕೆ ಮೂರರಷ್ಟು ಉಳಿಯುವುದಿಲ್ಲ. ನಿನ್ನೆ ಚೆನ್ನಾಗಿದ್ದದ್ದು ಇವತ್ತು ನಡುಗುತ್ತಾ, ಬೆವರುತ್ತಾ, ಕಾಲು ಬಿಗಿದುಕೊಂಡು ನಿಂತಿರುತ್ತದೆ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣ. ಆ ಬಣ್ಣ ಕಂಡರೆ ನಡೆಸಬೇಡಿ, ಇದ್ದಲ್ಲೇ ಬಿಟ್ಟು ವೈದ್ಯರನ್ನು ಕರೆಯಿರಿ.

ಮರ ಕಡಿಸುವ ಮೊದಲು ಅದು ಸಿಕಮೋರೇನಾ ಅಂತ ನೋಡಿ. ಫೀಲ್ಡ್ ಮೇಪಲ್, ನಾರ್ವೆ ಮೇಪಲ್ ನೋಡಲು ಹಾಗೇ ಇರುತ್ತವೆ, ಅವುಗಳಲ್ಲಿ ಈ ವಿಷ ಸಿಕ್ಕಿಲ್ಲ. ಬೀಜವನ್ನು ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿಗೆ ಕಳಿಸಿದರೆ ಪರೀಕ್ಷೆ ಮಾಡಿ ಹೇಳುತ್ತಾರೆ. ಬೀಜ ಬಿದ್ದಿರುವಾಗ ಕಡಿದರೆ ಎಲ್ಲಾ ಕಡೆ ಹರಡಿ ಇನ್ನೂ ಕಷ್ಟ. ಸದ್ಯಕ್ಕೆ ಪೋನಿಗಳನ್ನು ಆ ಕಡೆಯಿಂದ ದೂರ ಸರಿಸಿ. ಗಾಳಿಗೆ ಬೀಜ ದೂರ ಹಾರುತ್ತದೆ, ಮರದ ಕೆಳಗೆ ಮಾತ್ರ ನೋಡಿದರೆ ಸಾಲದು. ನೆಲಕ್ಕೆ ಒಣಹುಲ್ಲು ಹಾಕಬೇಡಿ, ಬಲೆಯಲ್ಲಿ ಹಾಕಿ. ಹುಲ್ಲು ತೀರಾ ಬೋಳಾದ ಕಾವಲಿನಲ್ಲಿ ಅಪಾಯ ಜಾಸ್ತಿ, ಹಸಿದ ಪೋನಿ ಸಿಕ್ಕಿದ್ದನ್ನೆಲ್ಲ ಬಾಚುತ್ತದೆ.

ಡಾರ್ಟ್‌ಮೂರ್ ಅಂಚಿನವ

ಈ ಕೊನೆಯ ಮಾತು ಎಲ್ಲರೂ ಗಮನಿಸಿ. ಲ್ಯಾಮಿನೈಟಿಸ್ಸಿಗೆ ಹೆದರಿ ನಾವು ಸಣ್ಣ ಬೋಳು ಜಾಗಕ್ಕೆ ಕಟ್ಟಿಹಾಕುತ್ತೇವೆ. ಅಲ್ಲೇ ಸಿಕಮೋರ್ ಬೀಜ ಬಿದ್ದರೆ ಇನ್ನೊಂದು ಹಳ್ಳ. ಜಾಗ ಆರಿಸುವಾಗ ತಲೆ ಎತ್ತಿ ಮರವನ್ನೂ ನೋಡಬೇಕು. ಒಣಹುಲ್ಲು ಕೊಳ್ಳುವಾಗಲೂ ಒಂದು ಕಟ್ಟು ಬಿಚ್ಚಿ ನೋಡಿ. ರ‍್ಯಾಗ್‌ವರ್ಟ್ ಅನ್ನುವ ಹಳದಿ ಹೂವಿನ ಕಳೆ ಹಸಿಯಿದ್ದಾಗ ಕಹಿ, ಪೋನಿ ಮುಟ್ಟುವುದು ಕಡಿಮೆ. ಒಣಗಿದ ಮೇಲೆ ಕಹಿ ಹೋಗುತ್ತದೆ, ವಿಷ ಹೋಗುವುದಿಲ್ಲ. 2018, 2022ರಂಥ ಒಣ ಬೇಸಿಗೆ ಬಂದರೆ ಹುಲ್ಲಿಗೆ ಹಾಹಾಕಾರ, ಸಿಕ್ಕಿದ್ದನ್ನು ಕೊಳ್ಳುತ್ತಾರೆ. ನಾವು ಜುಲೈನಲ್ಲೇ ಹೊಲದಿಂದ ನೇರ ಕೊಂಡು ತುಂಬಿಸಿಕೊಳ್ಳುತ್ತೇವೆ.

ಕೆಂಟ್ ದಂಪತಿ

ನಮ್ಮದು ಪಟಾಕಿ ಕಷ್ಟ. ನವೆಂಬರ್ 5ರ ಬಾನ್‌ಫೈರ್ ರಾತ್ರಿ, ಅದರ ಆಚೀಚೆ ಒಂದು ವಾರ, ಜೊತೆಗೆ ನಮ್ಮ ದೀಪಾವಳಿ. ಒಂದು ವರ್ಷ ಪಕ್ಕದ ಬಯಲಲ್ಲಿ ಹೇಳದೆ ಕೇಳದೆ ಹೊಡೆದರು, ಪೋನಿ ಬೇಲಿ ಮುರಿದುಕೊಂಡು ರಸ್ತೆಗೆ ಹೋಗಿತ್ತು. ಒಳಗೆ ಕಟ್ಟುವುದೋ ಹೊರಗೆ ಬಿಡುವುದೋ?

ಪೊವಿಸ್ ಕನ್ನಡತಿ

ಅವು ಎಲ್ಲಿ ಇದ್ದು ಅಭ್ಯಾಸವೋ ಅಲ್ಲೇ ಬಿಡಿ, ಜೊತೆಗಾರರನ್ನು ಬೇರೆ ಮಾಡಬೇಡಿ. ಯಾವಾಗಲೂ ಹೊರಗಿರುವ ಪೋನಿಯನ್ನು ಅವತ್ತು ಒಂದು ರಾತ್ರಿ ಲಾಯಕ್ಕೆ ತಳ್ಳಿದರೆ ಗೋಡೆಗೆ ಬಡಿದುಕೊಳ್ಳುತ್ತದೆ. ಹಗಲಲ್ಲೇ ಬೇಲಿ ಸುತ್ತಿ ನೋಡಿ, ಗೇಟು ಭದ್ರ ಮಾಡಿ, ಒಣಹುಲ್ಲು ಹಲವು ಕಡೆ ಹಾಕಿ, ಬಾಯಿಗೆ ಕೆಲಸ ಇದ್ದರೆ ಬೇಗ ಸುಧಾರಿಸಿಕೊಳ್ಳುತ್ತವೆ. ಬೆಳಿಗ್ಗೆ ಕಾವಲಿಗೆ ಬಿದ್ದ ರಾಕೆಟ್ ಕಡ್ಡಿ, ತಂತಿ ಹೆಕ್ಕಿ. ಸುತ್ತಲಿನ ಮನೆಗಳಿಗೆ ಅಕ್ಟೋಬರಿನಲ್ಲೇ ಹೋಗಿ ತಾರೀಖು ಕೇಳಿ ಬನ್ನಿ, ಹೇಳಿದರೆ ಹೆಚ್ಚಿನವರು ಕೇಳುತ್ತಾರೆ. ನಾವೂ ದೀಪಾವಳಿಗೆ ಹಣತೆ ಮಾತ್ರ ಹಚ್ಚುತ್ತೇವೆ. ಪೋನಿ ಸಾಕಿದ ಮೇಲೆ ಪಟಾಕಿ ಬಿಟ್ಟೇಬಿಟ್ಟೆವು. ಆಯುಧಪೂಜೆಗೆ ಮಾತ್ರ ತಳ್ಳುಗಾಡಿ, ಸಲಿಕೆ, ತಡಿ, ಲಗಾಮು ಎಲ್ಲ ತೊಳೆದು ಅರಿಶಿನ ಕುಂಕುಮ ಇಡುತ್ತೇವೆ, ಮಕ್ಕಳಿಗೆ ಅದು ವರ್ಷದ ದೊಡ್ಡ ದಿನ.

ಡಾರ್ಟ್‌ಮೂರ್ ಅಂಚಿನವ

ಕೆಸರಿನ ಬಗ್ಗೆ ಎರಡು ಮಾತು. ಗೇಟು, ನೀರಿನ ತೊಟ್ಟಿ, ಈ ಎರಡು ಕಡೆ ಮಾತ್ರ ಮೊದಲು ಗಟ್ಟಿ ಮಾಡಿ. ಕೆಳಗೆ ಬಟ್ಟೆ ಹಾಸಿ ಮೇಲೆ ಜಲ್ಲಿ. ಕೆಸರಲ್ಲಿ ನಿಂತು ನಿಂತು ಹಿಮ್ಮಡಿಯ ಮೇಲಿನ ಚರ್ಮ ಒಡೆದು ಹುಣ್ಣಾದರೆ ದಿನಾ ತೊಳೆಯಬೇಡಿ, ಒಣಗಲು ಬಿಟ್ಟು ಬ್ರಷ್ ಮಾಡಿ. ಗೊರಸಿನ ಅಡಿಯಲ್ಲಿ ಕಪ್ಪಗಾಗಿ ದುರ್ವಾಸನೆ ಬಂದರೆ ಲಾಳದವರಿಗೆ ತೋರಿಸಿ. ಗೊರಸು ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿಸಲೇಬೇಕು, ಲಾಳ ಇಲ್ಲದಿದ್ದರೂ.

ಹೊಸ ಜಮೀನು

ಎಲ್ಲ ಓದಿದೆ. ರಗ್ ಕೊಳ್ಳಲು ಇಟ್ಟಿದ್ದ ದುಡ್ಡಿನಲ್ಲಿ ಶೆಡ್ ಕಟ್ಟಿಸುತ್ತೇನೆ. ಶನಿವಾರ ಒಂದು ಶೆಟ್ಲೆಂಡ್ ನೋಡಲು ಹೋಗುತ್ತಿದ್ದೇವೆ. ಏನು ನೋಡಬೇಕು? ಹುಳುವಿನ ಔಷಧಿ ನಾನೇ ಹಾಕಬಹುದಾ?

ಯಾರ್ಕ್‌ಷೈರ್ ಪಶುವೈದ್ಯೆ

ಸುಮ್ನೆ ಹುಳುವಿನ ಔಷಧಿ ಹಾಕುತ್ತಾ ಹೋಗಬೇಡಿ, ಹುಳುಗಳು ಔಷಧಿಗೆ ಬಗ್ಗದ ಹಾಗಾಗುತ್ತಿವೆ. ಮೊದಲು ಲದ್ದಿಯಲ್ಲಿ ಮೊಟ್ಟೆ ಎಣಿಸಿ. ಕರುಳಿನ ಗೋಡೆಯಲ್ಲಿ ಅಡಗಿ ಕೂರುವ ಸಣ್ಣ ಕೆಂಪು ಹುಳು ಮಾತ್ರ ಲದ್ದಿಯಲ್ಲಿ ಕಾಣುವುದಿಲ್ಲ, ಅದಕ್ಕೆ ಚಳಿಗಾಲದ ಶುರುವಿನಲ್ಲಿ ಏನು ಮಾಡಬೇಕು ಅಂತ ನಿಮ್ಮ ವೈದ್ಯರನ್ನು ಕೇಳಿ. ಧನುರ್ವಾಯು ಲಸಿಕೆ ಮರೆಯಬೇಡಿ.

ಪೊವಿಸ್ ಕನ್ನಡತಿ

ಒಂದೇ ಪೋನಿ ತರಬೇಡಿ. ಹಿಂಡಿನ ಪ್ರಾಣಿ ಅದು, ಒಂಟಿಯಾಗಿ ಕೊರಗುತ್ತದೆ. ಮಕ್ಕಳು ಶಾಲೆಯಲ್ಲಿರುವಾಗ ಅದಕ್ಕೆ ಯಾರಿರುತ್ತಾರೆ ಹೇಳಿ? ಜೊತೆಯಲ್ಲೇ ಬೆಳೆದ ಎರಡು ಸಿಕ್ಕರೆ ಅದೇ ಒಳ್ಳೆಯದು, ನಾಲ್ಕು ಎಕರೆ ಎರಡು ಶೆಟ್ಲೆಂಡಿಗೆ ಧಾರಾಳ.

ಶನಿವಾರ ಹೋದಾಗ ಮೊದಲು ಪಾಸ್‌ಪೋರ್ಟ್, ಅಂದರೆ ಪೋನಿಯ ಗುರುತಿನ ಪತ್ರ, ಕೇಳಿ. ಸ್ಕಾಟ್ಲೆಂಡಿನಲ್ಲಿ 2021ರ ಮಾರ್ಚ್ 28ರಿಂದ ಎಲ್ಲಾ ಕುದುರೆಗೂ ಮೈಕ್ರೋಚಿಪ್ ಕಡ್ಡಾಯ, ಪಾಸ್‌ಪೋರ್ಟ್ ಇಲ್ಲದೆ ಮಾರುವ ಹಾಗಿಲ್ಲ. ಕೊಂಡ ಮೇಲೆ 30 ದಿನದೊಳಗೆ ನಿಮ್ಮ ಹೆಸರಿಗೆ ಬದಲಾಯಿಸಿಕೊಳ್ಳಿ. ಆಮೇಲೆ ಗೊರಸಿನ ಉಂಗುರ ನೋಡಿ. ಮುಂಭಾಗಕ್ಕಿಂತ ಹಿಮ್ಮಡಿ ಕಡೆ ಉಂಗುರಗಳು ಅಗಲವಾಗಿದ್ದರೆ ಹಿಂದೆ ಲ್ಯಾಮಿನೈಟಿಸ್ ಆಗಿರಬಹುದು. ಜೂಲಿನ ಬುಡ ಹಿಡಿದು ನೋಡಿ. ಗಟ್ಟಿ ರಸ್ತೆಯ ಮೇಲೆ ಸಣ್ಣ ಸುತ್ತು ತಿರುಗಿಸಲು ಹೇಳಿ. ಮಗುವಿನ ಕೈಯಲ್ಲಿ ನಾಲ್ಕೂ ಗೊರಸು ಎತ್ತಿಸಿ ನೋಡಿ, ಕೊಡುತ್ತದಾ ಅಂತ. ಲಾಳದವರು ಯಾರು, ಕೊನೆಗೆ ಬಂದದ್ದು ಯಾವಾಗ ಅಂತ ಕೇಳಿ, ಅವರ ನಂಬರ್ ತಗೊಳ್ಳಿ, ಅವರೊಂದಿಗೆ ಮಾತಾಡಿದ ಮೇಲೆಯೇ ದುಡ್ಡು ಕೊಡಿ. ಫೋಟೋ ತೆಗೆದು ಇಲ್ಲಿ ಹಾಕಿ, ಪಕ್ಕದಿಂದ ಒಂದು, ಮುಂಗಾಲಿನ ಗೊರಸು ಹತ್ತಿರದಿಂದ ಒಂದು. ಡಾಕ್ಟರೂ ನೋಡಲಿ.